ಹೊಸ ಫ್ಯಾನಿನ ಸದ್ದು

ನಮ್ಮ ಮನೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಗಿಸಿ ಮರೆಸುತ್ತೀರಿ. ಅದಕ್ಕೇ ಈ ಚೀಟಿಯನ್ನು ನಿಮ್ಮ ಬುತ್ತಿಯಲ್ಲಿ ಇಟ್ಟಿದ್ದೇನೆ.

ಗೋಕಾಕದಲ್ಲಿ ಲಾರಿಯ ಇಂಜಿನ್ ತಣಿಸುವ ಬೆಲ್ಟ್ ಫ್ಯಾನ್ ತೆಗೆಸಿ ಕರೆಂಟಿನ ಫ್ಯಾನ್ ಹಾಕಿಸಿದ ದಿನ ನನ್ನನ್ನು ಕರೆದು ತೋರಿಸಿದ್ದಿರಿ. "ಇಂಜಿನ್ ಕಾದ್ರ ಅಷ್ಟ ತಿರಗತೈತಿ. ಗಾಡಿ ಬಂದ್ ಮಾಡಿದ ಮ್ಯಾಲೂ ಇಂಜಿನ್ ತಣ್ಣಗಾಗೂತನಕ ಗುಂಯ್ ಅಂತೈತಿ" ಎಂದಿರಿ. ನಾನು ಮರೆತಿಲ್ಲ.

ನಿನ್ನೆ ಮಧ್ಯಾಹ್ನ ಬಾಗಿಲ ಮುಂದೆ ಲಾರಿ ನಿಲ್ಲಿಸಿ, "ಹುಕ್ಕೇರಿಯಿಂದ ಎಲ್ಲೂ ನಿಲ್ಲದ ಬಂದೇನಿ, ಹಸಿವಿಲ್ಲ ಬಿಡ" ಎಂದಿರಿ. ಅಷ್ಟು ದೂರ ಓಡಿ ಬಂದ ಗಾಡಿಯ ಫ್ಯಾನ್ ಗುಂಯ್ ಅನ್ನಲಿಲ್ಲ. ಇಂಜಿನ್ ಮುಂದಿನ ಜಾಲರಿಗೆ ಕೈ ಹಚ್ಚಿದೆ, ಉಗುರುಬೆಚ್ಚಗಿತ್ತು.

ಮೂಡಲಗಿ ನಾಕಾದಲ್ಲಿ ಸುವರ್ಣಾಳ ಖಾನಾವಳಿ ಇದೆ. ಅವಳ ಬಾಗಿಲಿನಿಂದ ನಮ್ಮ ಬಾಗಿಲಿಗೆ ಇಂಜಿನ್ ಕಾಯುವಷ್ಟು ದಾರಿಯೂ ಇಲ್ಲ. ಅವಳು ರೊಟ್ಟಿ ತೆಳ್ಳಗೆ ಬಡಿಯುತ್ತಾಳೆಂದು ನೀವೇ ಎರಡು ಸಲ ಹೇಳಿದ್ದೀರಿ. ನನ್ನ ರೊಟ್ಟಿ ಹದಿನಾರು ವರ್ಷ ನಿಮಗೆ ದಪ್ಪ ಅನಿಸಿರಲಿಲ್ಲ.

ನಾನು ಏನೂ ಕೇಳುವುದಿಲ್ಲ. ಬರುವಾಗ ಸಂಕೇಶ್ವರದ ಮೆಣಸಿನಕಾಯಿ ಎರಡು ಕಿಲೋ ತನ್ನಿ.

ಇನ್ನು ಮೇಲೆ ಲಾರಿ ನಿಂತಾಗ ಫ್ಯಾನಿನ ಸದ್ದು ಕೇಳಿದರೆ ಮಾತ್ರ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತೇನೆ.

ಇಂತಿ,
ಶೆಟ್ಟೆವ್ವ