ಈರುಳ್ಳಿ ಮಂಡಿಯಲ್ಲಿ ಎದುರು ಕೂರುವವಳು

ಅಜ್ಜಂಪುರ
೧೪-೧೦-೧೯೬೩

ಚಿ. ಸೌ. ಪಂಕಜಾಕ್ಷಿಗೆ ನಿನ್ನ ಅವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ.

ನಿನ್ನ ಯಜಮಾನರ ಕಾಗದ ತಲುಪಿತು. ಬೆನಕಪ್ಪನನ್ನು ಕಡೂರಿಗೆ ಕಳಿಸಿದರೆ ಹಿತ್ತಲ ಕೋಣೆಯಲ್ಲಿ ಇಟ್ಟುಕೊಂಡು ಊಟ ಹಾಕುತ್ತಾರಂತೆ, ಅವನು ಯಾವ ಕೆಲಸವನ್ನೂ ಮಾಡಬೇಕಾಗಿಲ್ಲವಂತೆ. ಅಳಿಯಂದಿರ ಮನಸ್ಸು ದೊಡ್ಡದು. ಆದರೆ ನಿನ್ನ ತಮ್ಮ ಕಟ್ಟಿಹಾಕಿ ಮೇವು ಹಾಕುವ ಮುದಿ ಎತ್ತಲ್ಲ. ಇಪ್ಪತ್ತು ದಾಟಿದ ಗಂಡಸು. ಬುದ್ಧಿ ಎಳೆಯದರಲ್ಲೇ ನಿಂತಿತು, ಕೈ ನಿಲ್ಲಲಿಲ್ಲ. ಮಂಡಿಗೆ ಹೋಗದ ದಿನ ಅವನು ಗೋಡೆಗೆ ಹಣೆ ಚಚ್ಚಿಕೊಳ್ಳುವುದನ್ನು ನೀನು ನೋಡಿಲ್ಲ.

ರೇವಣಪ್ಪನ ಈರುಳ್ಳಿ ಮಂಡಿಯಲ್ಲಿ ಅವನು ಗಡ್ಡೆಯ ಒಣ ಸೊಪ್ಪು ಕಿತ್ತು ಬುಟ್ಟಿಗೆ ಹಾಕುತ್ತಾನೆ. ದಪ್ಪದ್ದು ಒಂದು ಬುಟ್ಟಿಗೆ, ಸಣ್ಣದ್ದು ಇನ್ನೊಂದಕ್ಕೆ. ಯಾವುದು ದಪ್ಪ, ಯಾವುದು ಸಣ್ಣ ಎಂದು ಅವನಿಗೆ ತಿಳಿಯದು. ಎದುರು ಕೂತವರು ಕೈ ತೋರಿದ ಬುಟ್ಟಿಗೆ ಹಾಕುತ್ತಾನೆ. ಅಷ್ಟು ಆಸರೆ ಇದ್ದರೆ ದಿನವಿಡೀ ತಲೆ ಎತ್ತದೆ ದುಡಿಯುತ್ತಾನೆ.

ಮೊದಲು ಈರಕ್ಕ ಎಂಬ ಕೂಲಿಯವಳು ಕೂರುತ್ತಿದ್ದಳು. ಬಯ್ಯುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ಮಗಳ ಬಾಣಂತನಕ್ಕೆಂದು ತರೀಕೆರೆಗೆ ಹೋದವಳು ಅಲ್ಲೇ ಉಳಿದಳು. ಆಮೇಲೆ ಬಂದವಳು ಅವನ ಜೊಲ್ಲಿಗೆ ಹೇಸಿ ಎದ್ದು ಹೋದಳು. ಕೊನೆಗೆ ಒಬ್ಬ ಮುದುಕಿಯನ್ನು ಗೊತ್ತುಮಾಡಿದೆ. ಈ ಸಲದ ಕೊಯ್ಲಿನಿಂದ ಅವಳೇ ಕೂರುತ್ತಿದ್ದಾಳೆ.

ಈಗ ಅವಳ ಕಣ್ಣಿಗೆ ಪೊರೆ ಬಂದಿದೆ. ಹೋದ ವಾರ ಸಣ್ಣ ಗಡ್ಡೆಗಳಿಗೂ ದಪ್ಪದ ಬುಟ್ಟಿಯನ್ನೇ ತೋರಿದಳು. ಬೆನಕಪ್ಪ ಅನುಮಾನಿಸದೆ ಹಾಕಿದ. ಕೊಂಡವರು ಮೂಟೆಗಳನ್ನು ಹಿಂದಕ್ಕೆ ಕಳಿಸಿದರು. ರೇವಣಪ್ಪ ಗದರಲಿಲ್ಲ, ಗದರಿದ್ದರೆ ಮಾತಾಡಬಹುದಿತ್ತು. "ಹುಡುಗಂದು ತಪ್ಪಿಲ್ಲ ಕಣವ್ವ. ಎದುರಿನ ಕೈ ನಂಬ್ಕಂಡು ಗೇಯ್ತಾನೆ. ಕಣ್ಣು ಕಾಣೋರ್ನ ಕೂರ್ಸಿ. ಇಲ್ದಿದ್ರೆ ದೀಪಾವಳಿ ಕಳುದ್ಮ್ಯಾಲೆ ಕಳಿಸ್ಬ್ಯಾಡಿ" ಎಂದ.

ಕಡೂರಿನಲ್ಲಿ ಯಾರಾದರೂ ಸಿಕ್ಕಾರೇ ವಿಚಾರಿಸು. ಕಣ್ಣು ಚುರುಕಾಗಿರಬೇಕು, ದನಿ ಮೆತ್ತಗಿರಬೇಕು. ಕೂಗಿದರೆ ಅವನು ಮುದುರಿಕೊಳ್ಳುತ್ತಾನೆ. ಇರುವುದಕ್ಕೆ ನಮ್ಮ ಮನೆ ಇದೆ. ನಿನ್ನನ್ನು ಬಾ ಎನ್ನುತ್ತಿಲ್ಲ. ನಮ್ಮ ಬುಕ್ಕಾಂಬುಧಿ ಪಟೇಲರ ಮನೆತನದ ಹೆಣ್ಣು ಮಂಡಿಯಲ್ಲಿ ಕೂಲಿಗೆ ಕೂರುವುದಿಲ್ಲ ಎಂದು ನಿನಗೆ ಕಲಿಸಿದವಳು ನಾನೇ.

ಇತಿ,
ನಿನ್ನ ಅವ್ವ
ಕರಿಬಸಮ್ಮ

ತಾ.ಕ.: ಅಕ್ಷರ ಸಾಲು ತಪ್ಪಿರುವುದಕ್ಕೂ ಕಾಗದ ಈರುಳ್ಳಿ ನಾರುವುದಕ್ಕೂ ಕಾರಣ ನಿನಗೆ ಹೊಳೆದಿರಬಹುದು. ಆ ಮುದುಕಿ ನಾನೇ. ಅಳಿಯಂದಿರಿಗೆ ಹೇಳಬೇಡ. ಇವತ್ತು ಯಾವ ಬುಟ್ಟಿ ಎಂದು ಕಾಣದೆ ಕೈ ಚಾಚದೆ ಕೂತುಬಿಟ್ಟೆ. ಬೆನಕಪ್ಪ ಗಡ್ಡೆ ಹಿಡಿದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ, ರೇವಣಪ್ಪ ಮಂಡಿಯ ಬಾಗಿಲು ಹಾಕುವವರೆಗೂ.