‘ಉತ್ಪನ್ನ’ ಅನ್ನೋ ಸಾಲು

ಇಲಕಲ್ಲ, ಜೂನ್ ೧೯೮೪

ಅಬ್ದುಲ,

ನೀ ತೀರಿಕೊಂಡು ವರ್ಷ ಆತು. ಈ ಕಾಗದ ಎಲ್ಲಿಗೆ ಹಾಕಲಿ? ಆದರೂ ಇವತ್ತಿನ ಮಾತು ನಿನಗ ಹೇಳದ ಇನ್ಯಾರಿಗೆ ಹೇಳಲಿ.

ಕಾಲೇಜಿನ್ಯಾಗ ಫೀ ಮಾಫಿ ಅರ್ಜಿ ತಗೊಳ್ಳೋ ಕೆಲಸ ಇನ್ನೂ ನಂದ. ಮೊದಲು ಎಲ್ಲಾರಿಗೂ ಕಡಿಮಿ ಫೀ ಇತ್ತು. ಆಮ್ಯಾಲೆ ಫೀ ಏರಿಸಿ, ಬಡವರಿಗಷ್ಟ ಮಾಫಿ ಅಂದ್ರು; ಅರ್ಜಿಯೊಳಗ ‘ವಾರ್ಷಿಕ ಉತ್ಪನ್ನ’, ಅಂದ್ರ ವರ್ಷದ ಗಳಿಕಿ, ಅಂತ ಒಂದು ಸಾಲು ಬಂತು. ಆ ವರ್ಷನ ನೀ ಮಗಳು ಗುಲಾಬಬಿ ಹೆಸರು ಹಚ್ಚಾಕ ಬಂದಿದ್ದಿ. ಉತ್ಪನ್ನ ಅಂದ್ರ ಮಗ್ಗದಿಂದ ಇಳಿದ ಮಾಲು ಅಂತ ತಿಳಿದು, ವರ್ಷದಾಗ ನೇಯ್ದ ಅಷ್ಟೂ ಸೀರಿ ಬೆಲಿ ಬರದಿ. ರೇಷ್ಮಿ ಸಾಹುಕಾರಂದು, ಸೀರಿ ಸಾಹುಕಾರಂದು, ನಿಂದು ಬರೇ ಮಜೂರಿ. ನನಗ ಗೊತ್ತಿತ್ತು. ನಿನ್ನ ಹಿಂದ ಮಂದಿ ಪಾಳಿ ಹಚ್ಚಿ ನಿಂತಿದ್ರು, ಸುಮ್ಮನ ಸಿಕ್ಕಾ ಹೊಡದೆ. ಮಾಫಿ ಬರಲಿಲ್ಲ. ಕಾಲೇಜು ತಪ್ಪಿ ಗುಲಾಬಬಿ ಇವತ್ತಿಗೂ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತತಾಳ. ನಾ ಆ ಓಣಿ ಬಿಟ್ಟು ಬ್ಯಾರೆ ದಾರಿಲೆ ಮನಿಗೆ ಹೋಗ್ತೇನಿ.

ಇವತ್ತ ಅದ ಸಾಹುಕಾರ ಮೊಮ್ಮಗನ ಅರ್ಜಿ ತಂದಿದ್ದ. ‘ನಮ್ಮ ಮನ್ಯಾಗ ಒಂದೂ ಮಗ್ಗ ಇಲ್ಲರಿ ಅಂದಪ್ಪನವರ, ಉತ್ಪನ್ನ ಎಲ್ಲಿಂದ ಬರಬೇಕು?’ ಅಂದ. ಖರೆ, ಮಗ್ಗ ಎಲ್ಲಾ ನಿಮ್ಮ ಓಣ್ಯಾಗ ಅದಾವ. ‘ನಿಮ್ಮ ಅಕ್ಷರ ಚಂದ ಅದಾವ, ನೀವ ತುಂಬ್ರಿ’ ಅಂದ. ಉತ್ಪನ್ನ ‘ಇಲ್ಲ’ ಅಂತ ತುಂಬಿದೆ. ಆ ಹುಡುಗಗ ಮಾಫಿ ಸಿಗತದ.

ಅವತ್ತ ನೀನೂ ಇದನ್ನ ಕೇಳಿದ್ದಿ, ‘ನೀನ ತುಂಬಿ ಕೊಡೋ, ಅಂದಪ್ಪಾ’ ಅಂತ. ‘ನಿನಗ ಬರಿಯಾಕ ಬರತದಲ್ಲಲೇ’ ಅಂದು ನಾ ಪೆನ್ನಷ್ಟ ಕೊಟ್ಟಿದ್ದೆ.