ಇಳಿಯದ ಬಾವು

ಜೂನ್ 9, ಸೋಮವಾರ
ನಂಜನಗೂಡು–ನರಸೀಪುರ, ಇವತ್ತೂ ಆರು ಟ್ರಿಪ್. "ಟಿಕೆಟ್, ಟಿಕೆಟ್" ಅಂದು ಅಂದು ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನೀರು ಕುಡಿಯುವಂತಿಲ್ಲ — ಕುಡಿದರೆ ಮಧ್ಯೆ ಎಲ್ಲಿಗೆ ಹೋಗೋದು? ಹೆಂಗಸು ಕಂಡಕ್ಟರಿಗೆ ಬಾಯಾರಿಕೆಯೂ ಡ್ಯೂಟಿಯೇ. ಕಣ್ಣು ಉರಿ. ಧೂಳು, ಇನ್ನೇನು. ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಸಾರು ಸುರಿದುಕೊಂಡು ನುಂಗಿದೆ.

ಜೂನ್ 14
ಕಿವಿ ಕೆಳಗೆ ಎಡಗೆನ್ನೆ ಮತ್ತೆ ಊದಿದೆ. ಮೂರನೇ ಸಲ. ಅತ್ತೆ ಕೆಮ್ಮಣ್ಣು ಕಲಸಿ ತಂದರು.
"ಕೆಪ್ಪಟೆ ಕಣವ್ವ, ಅಚ್ಕೋ."
"ಕೆಪ್ಪಟೆ ಜೀವಮಾನಕ್ಕೊಂದು ಸಲ ಅಲ್ವಾ ಅತ್ತೆ?"
"ನಿಂದೆಲ್ಲಾ ಎಚ್ಚೇಯ!"
ನಮ್ಮವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನೀರು ಕುಡಿ" ಅಂದರು.

ಜುಲೈ 22
ನರಸೀಪುರ ಸ್ಟ್ಯಾಂಡ್. ನಮ್ಮ ಡ್ರೈವರ್ ಮಹಾದೇವಸ್ವಾಮಿ ಇಂಜಿನ್ ಆಫ್ ಮಾಡಿ ಕರೆದರು.
"ಮಂಗಳಮ್ಮಾ, ದಿನಾ ಮಿರರ್‌ನಾಗೆ ನಿಮ್ ಮಕ ನೋಡ್ತೀನಿ. ಮೊದ್ಲೆರಡು ಸಲ ವಾರಕ್ಕೇ ಇಳೀತು. ಇದು ತಿಂಗ್ಳಾದ್ರೂ ಇಳೀನಿಲ್ಲ. ರಜಾ ಆಕಿ ಮೈಸೂರಿಗೋಗಿ."
ಸಿಟ್ಟು ಬಂತು. ನನ್ನ ಮುಖ ನನಗೆ ಗೊತ್ತಿಲ್ಲವೇ? ಟೀ ಕುಡಿಯುವಾಗ ಮುಟ್ಟಿ ನೋಡಿಕೊಂಡೆ. ಗಟ್ಟಿ. ನೋವಿಲ್ಲ.

ಜುಲೈ 29, ಮೈಸೂರು
ಡಾಕ್ಟರಮ್ಮ ರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಕಣ್ಣೀರಿಗೆ ಪಟ್ಟಿ ಒದ್ದೆಯೇ ಆಗಲಿಲ್ಲ. ಶೋಗ್ರೆನ್ಸ್ ಅನ್ನೋ ಕಾಯಿಲೆಯಂತೆ. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿ ಹಾಳುಮಾಡುತ್ತದಂತೆ.
"ವರ್ಷಗಳಿಂದ ಇರ್ಬೇಕು. ಗೊತ್ತೇ ಆಗ್ಲಿಲ್ವಾ?"
ಏನು ಹೇಳಲಿ! ನೀರು ಕುಡಿಯದ್ದಕ್ಕೆ ಬಾಯಿ ಒಣಗುತ್ತೆ ಅಂದುಕೊಂಡಿದ್ದೆ. ಡಿಪೋದ ಹೆಂಗಸರೆಲ್ಲ ಹಾಗೇ ಅಂದುಕೊಳ್ಳುತ್ತೇವೆ.
ಇಳಿಯದ ಬಾವು ಕೆಲವರಲ್ಲಿ ಲಿಂಫೋಮಾ ಆಗಿರುತ್ತದಂತೆ. ಕ್ಯಾನ್ಸರ್. ಬಯಾಪ್ಸಿ ಮಾಡಲೇಬೇಕು. ತುಂಬಾ ಭಯವಾಯಿತು. ಮನೆಯಲ್ಲಿ ಬರೀ ರಕ್ತಪರೀಕ್ಷೆ ಅಂದೆ.

ಆಗಸ್ಟ್ 6
ಬಯಾಪ್ಸಿ ಆಯಿತು. ಕೆನ್ನೆಗೆ ಪ್ಲಾಸ್ಟರ್. ಹಲ್ಲು ಕೀಳಿಸಿದೆ ಅಂದೆ. ನಂಬಿದರು. ನಂಬಿದ್ದಕ್ಕೇ ಹೊಟ್ಟೆ ಉರಿಯಿತು.

ಆಗಸ್ಟ್ 19, ಸಂಜೆ
ಲಿಂಫೋಮಾನೇ. ನಿಧಾನಕ್ಕೆ ಬೆಳೆಯೋ ಜಾತಿ, ಬೇಗ ಸಿಕ್ಕಿದೆ, ಔಷಧಿಗೆ ಬಗ್ಗುತ್ತೆ ಅಂದರು ಡಾಕ್ಟರಮ್ಮ. ಇನ್ನು ಮುಚ್ಚಿಡಲು ಆಗಲಿಲ್ಲ. ಊಟಕ್ಕೆ ಕೂತಿದ್ದ ನಮ್ಮವರ ಮುಂದೆ ರಿಪೋರ್ಟ್ ಇಟ್ಟು ಎಲ್ಲಾ ಹೇಳಿದೆ. ತಟ್ಟೆ ಪಕ್ಕಕ್ಕೆ ಸರಿಸಿದರು.
"ಯಾರ್ ಕಂಡಿಡಿದಿದ್ದು?"
"ಮೊದಲು ನೋಡಿದ್ದು ಡ್ರೈವರ್ರು."
ರಿಪೋರ್ಟ್ ಮಡಚಿ ನನ್ನ ಕಡೆ ತಿರುಗಿದರು.
"ಅವ್ರು ನಿಂಗೆ ಬೆನ್ ಆಕ್ಕೊಂಡು ಕೂರೋರು ಕಣೇ... ನಾನು ಎದುರ್ಗೇ ಕೂತು ಉಣ್ತೀನಿ."
ಎದ್ದು ಕೈ ತೊಳೆದು ಬಂದರು. ಬಾವಿನ ಮೇಲೆ ಕೈಯಿಟ್ಟರು. ಇವರು ನನ್ನ ಕೆನ್ನೆ ಮುಟ್ಟಿ ಎಷ್ಟು ವರ್ಷ —